ಕುದುರೆ ಕೊಳ್ಳುವ ಮುನ್ನ: ಕೇಳುವುದು, ನೋಡುವುದು, ಬರೆಸಿಕೊಳ್ಳುವುದು

1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ಒಂದು ಕುದುರೆ ಇದೆ. ವಂಚನೆ ಎಂದರೇನು ಎಂದು ಹೇಳುವ ಕಲಮು ಅದು. ಅಲ್ಲಿನ ಮೊದಲ ದೃಷ್ಟಾಂತದಲ್ಲಿ ಒಬ್ಬನು ತನ್ನ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ಅದರಲ್ಲಿ ಊನವಿದೆ ಎಂದು ಅವನಿಗೆ ಗೊತ್ತು, ಆದರೆ ಕೊಳ್ಳುವವನಿಗೆ ಏನನ್ನೂ ಹೇಳುವುದಿಲ್ಲ. ಇದು ವಂಚನೆಯಲ್ಲ ಎನ್ನುತ್ತದೆ ಕಾಯ್ದೆ. ಅದೇ ಕಲಮಿನ ಇನ್ನೊಂದು ದೃಷ್ಟಾಂತದಲ್ಲಿ ಕೊಳ್ಳುವವನು ಬಾಯಿ ಬಿಡುತ್ತಾನೆ: ನೀನು ಅಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದೇ ತಿಳಿಯುತ್ತೇನೆ. ಮಾರುವವನು ಸುಮ್ಮನಿರುತ್ತಾನೆ. ಈಗ ಆ ಮೌನ ಮಾತಿಗೆ ಸಮ, ಅದಕ್ಕೆ ಅವನು ಹೊಣೆ.

19ನೇ ಕಲಮು ಇನ್ನೊಂದು ಗಂಟು ಹಾಕುತ್ತದೆ. ಸಾಮಾನ್ಯ ಎಚ್ಚರ ವಹಿಸಿದ್ದರೆ ನಿಜ ತಿಳಿಯುವ ದಾರಿ ನಿಮಗಿತ್ತು ಎಂದಾದರೆ, ಮೌನದಿಂದ ಮೋಸವಾಯಿತೆಂದು ಹೇಳಿ ಕರಾರನ್ನು ಮುರಿಯಲು ಆಗುವುದಿಲ್ಲ. ಆದ್ದರಿಂದ ಮೊದಲ ಕುದುರೆ ಕೊಳ್ಳಹೊರಟವರು ಮಾಡಬೇಕಾದ ಕೆಲಸ ಮೂರು: ಬಾಯಿಬಿಟ್ಟು ಕೇಳುವುದು, ಕಣ್ಣಿಟ್ಟು ನೋಡುವುದು, ಕೇಳಿದ್ದಕ್ಕೂ ನೋಡಿದ್ದಕ್ಕೂ ಬರಹದಲ್ಲಿ ಸಾಕ್ಷಿ ಇಟ್ಟುಕೊಳ್ಳುವುದು. ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಲ್ಲಿ ಒಂದೆರಡು ವರ್ಷ ಕಲಿತು ಈಗ ಸ್ವಂತ ಕುದುರೆ ಬೇಕೆನ್ನುವವರನ್ನೂ, ಮಕ್ಕಳಿಗಾಗಿ ಹುಡುಕುತ್ತಿರುವ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಯಾರಿಗೆ ಯಾವ ಕುದುರೆ

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಮಿರಮಿರ ಮಿಂಚುವ ನಾಲ್ಕು ವರ್ಷದ ಕುದುರೆಯನ್ನು ಕಂಡ ಕೂಡಲೇ ಹತ್ತಿಬಿಡಬೇಕು ಎನಿಸುತ್ತದೆ. ಆ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ಹೊಸ ಸವಾರರಿಗೆ ಎಂಟರಿಂದ ಹದಿನೈದು ವರ್ಷದೊಳಗಿನ, ಹಲವರನ್ನು ಹೊತ್ತು ಪಳಗಿದ ಕುದುರೆ ಸರಿ. ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ ದಾಟಿ ಬದುಕುತ್ತದೆ, ಹದಿನಾರರ ಕುದುರೆಯೂ ಮುದಿಯಲ್ಲ.

ಬೀಜ ತೆಗೆಸಿದ ಗಂಡು, ಅಂದರೆ ಸವಾರರ ಮಾತಿನ ಗೆಲ್ಡಿಂಗ್, ಮೊದಲ ಆಯ್ಕೆ. ಶಾಂತ ಸ್ವಭಾವದ ಹೆಣ್ಣು ಎರಡನೆಯದು. ಬೀಜದ ಕುದುರೆ ಎಷ್ಟೇ ಸಾಧು ಎಂದು ಮಾರುವವರು ಆಣೆಯಿಟ್ಟರೂ ಬೇಡ. ಪಕ್ಕದ ಲಾಯದಲ್ಲಿ ಹೆಣ್ಣು ಕುದುರೆ ಬೆದೆಗೆ ಬಂದ ದಿನ ಆ ಸಾಧುತನ ಎಲ್ಲಿರುತ್ತದೆಂದು ಹೇಳಲಾಗದು. ರಾಜಸ್ಥಾನ, ಗುಜರಾತಿನ ಕಡೆಯ ದೇಸಿ ತಳಿಗಳಲ್ಲಿ ಬೀಜ ತೆಗೆಸುವ ರೂಢಿ ಕಡಿಮೆ. ಹಾಗಾಗಿ ಮಾರವಾಡಿ, ಕಾಠಿಯಾವಾಡಿ ಬೇಕೆನ್ನುವವರು ಹೆಣ್ಣನ್ನೇ ಹುಡುಕಬೇಕಾದೀತು. ಆಗ ಗರ್ಭ ಪರೀಕ್ಷೆ ಮಾಡಿಸಲು ಮರೆಯಬಾರದು. ಗರ್ಭದ ಅವಧಿ ಹನ್ನೊಂದು ತಿಂಗಳು, ಮೊದಲರ್ಧದಲ್ಲಿ ಹೊರಗಿನಿಂದ ಏನೂ ಗೊತ್ತಾಗದು.

ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ ಶೇ. 20ನ್ನು ಮೀರಬಾರದು ಎಂಬುದು ರೂಢಿಯ ಲೆಕ್ಕ. 350 ಕಿಲೋ ತೂಗುವ ಮಾರವಾಡಿ ಹೆಣ್ಣು ಕುದುರೆಗೆ ಅದು 70 ಕಿಲೋ. ಜೀನಿನ ಏಳೆಂಟು ಕಿಲೋ ಕಳೆದರೆ ಸವಾರರ ಪಾಲಿಗೆ ಉಳಿಯುವುದು ಸುಮಾರು 62. ರೇಸಿಗೆಂದೇ ಬೆಳೆಸುವ ತಳಿಯ, ರೇಸಿನಿಂದ ಬಂದ ಥರೋಬ್ರೆಡ್‌ಗಳು ಇನ್ನೂ ಎತ್ತರ, ಇನ್ನೂ ತೂಕ.

ಖರ್ಚಿನ ಲೆಕ್ಕವನ್ನೂ ಈಗಲೇ ಹಾಕಿ. ಕುದುರೆ ದಿನಕ್ಕೆ ತನ್ನ ತೂಕದ ಶೇ. 2ರಷ್ಟು ಒಣಮೇವು ತಿನ್ನುತ್ತದೆ, ಮೂವತ್ತು ನಲವತ್ತು ಲೀಟರ್ ನೀರು ಕುಡಿಯುತ್ತದೆ. ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಹೊಡೆಸಬೇಕು. ವರ್ಷಕ್ಕೊಮ್ಮೆ ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸಬೇಕು, ಧನುರ್ವಾಯು ಲಸಿಕೆ ಹಾಕಿಸಬೇಕು. ಇದರ ಮೇಲೆ ಕುದುರೆ ನೋಡಿಕೊಳ್ಳುವ ಸೈಸ್‌ನ ಸಂಬಳ, ಲಾಯದ ಬಾಡಿಗೆ. ಕೊಳ್ಳುವ ಬೆಲೆಯನ್ನು ಒಂದೆರಡು ವರ್ಷದ ಮೇವೂ ಸಂಬಳವೂ ಸುಲಭವಾಗಿ ಮೀರಿಸಬಲ್ಲವು. ಆದ್ದರಿಂದ ಕುಂಟುವ ಅಗ್ಗದ ಕುದುರೆ ನಿಜವಾಗಿ ಅಗ್ಗವಲ್ಲ. ಸವಾರಿ ಮಾಡಲಾಗದಿದ್ದರೂ ಅದು ಅಷ್ಟೇ ತಿನ್ನುತ್ತದೆ.

ಎಲ್ಲಿ ಹುಡುಕುವುದು

ಕರ್ನಾಟಕದಲ್ಲಿ ಸುಲಭವಾಗಿ ಸಿಗುವುದು ರೇಸ್ ಬಿಟ್ಟ ಥರೋಬ್ರೆಡ್. ಬೆಂಗಳೂರು, ಮೈಸೂರಿನ ಟ್ರ್ಯಾಕುಗಳಿಂದ ವರ್ಷವೂ ಕುದುರೆಗಳು ಹೊರಬೀಳುತ್ತವೆ, ಎಷ್ಟೋ ಸಲ ಬಹಳ ಕಡಿಮೆ ಬೆಲೆಗೆ. ಇವುಗಳ ದೊಡ್ಡ ಅನುಕೂಲ ದಾಖಲೆ. ಗುರುತಿನ ಮೈಕ್ರೋಚಿಪ್ ಇರುತ್ತದೆ, ಗುರುತು ಮತ್ತು ವಯಸ್ಸು ದಾಖಲಾದ ಪಾಸ್‌ಪೋರ್ಟ್ ಇರುತ್ತದೆ, ಹುಟ್ಟಿದ ವರ್ಷದಲ್ಲಿ ಸುಳ್ಳಿಗೆ ಜಾಗವಿಲ್ಲ. ಓಡಿದ ರೇಸುಗಳ ಪಟ್ಟಿಯೂ ಸಾರ್ವಜನಿಕ. ಆ ಪಟ್ಟಿಯಲ್ಲಿ ಗೆಲುವನ್ನು ಹುಡುಕಬೇಡಿ, ಬಿಡುವನ್ನು ಹುಡುಕಿ. ತಿಂಗಳಿಗೊಮ್ಮೆ ಓಡುತ್ತಿದ್ದ ಕುದುರೆ ಏಳೆಂಟು ತಿಂಗಳು ಕಾಣೆಯಾಗಿದ್ದರೆ ಕಾರಣ ಕೇಳಿ. ಬಹುಪಾಲು ಉತ್ತರ ಕಾಲಿನಲ್ಲಿರುತ್ತದೆ. ಇದಕ್ಕೆ ವಿರುದ್ಧವಾಗಿ, ಮೂವತ್ತು ಸಲ ಓಡಿ ಒಮ್ಮೆಯೂ ಗೆಲ್ಲದೆ ಕಾಲು ಶುದ್ಧವಾಗಿ ಉಳಿಸಿಕೊಂಡ ಕುದುರೆ ರೇಸಿಗೆ ಬೇಡವಾದರೂ ನಿಮಗೆ ಬೇಕಾದದ್ದೇ.

ಆದರೆ ಟ್ರ್ಯಾಕಿನಿಂದ ನೇರವಾಗಿ ತರಬೇಡಿ. ಲಗಾಮು ಎಳೆದಷ್ಟೂ ಅದಕ್ಕೆ ಆತುಕೊಂಡು ಓಡುವುದು ರೇಸಿನ ಕುದುರೆ ಕಲಿತ ಪಾಠ. ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಕೂರಿಸುವುದರಿಂದ, ಹತ್ತುವವರೆಗೆ ನಿಲ್ಲಬೇಕು ಎಂಬುದೇ ಅನೇಕಕ್ಕೆ ಗೊತ್ತಿರುವುದಿಲ್ಲ. ಯಾರಾದರೂ ಕನಿಷ್ಠ ಒಂದು ವರ್ಷ ಹೊಸದಾಗಿ ಪಳಗಿಸಿದ ಕುದುರೆಗೆ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.

ಎರಡನೆಯದು ಜಾತ್ರೆ. ರಾಜಸ್ಥಾನದ ಪುಷ್ಕರ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ಸಾರಂಗಖೇಡಾ ಹೆಸರಾದವು. ವಿಜಯಪುರ, ಕಲಬುರಗಿಯ ಕಡೆಯವರಿಗೆ ಸೊಲ್ಲಾಪುರ ಜಿಲ್ಲೆಯ ಅಕಲೂಜದ ಬಾಜಾರು ಹತ್ತಿರ. ಖಂಡಿತ ಹೋಗಿ ಬನ್ನಿ. ಮಾರವಾಡಿ ಕುದುರೆಗಳ ಒಂದಕ್ಕೊಂದು ತುದಿ ತಾಗುವ ಕಿವಿಗಳನ್ನೂ, ಅಡ್ಡಾದಿಡ್ಡಿ ಕುಣಿಯುವ ನುಕ್ರಾ ಬಿಳಿ ಕುದುರೆಗಳನ್ನೂ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುವ ವ್ಯಾಪಾರವನ್ನೂ ನೋಡಿ. ಮೊದಲ ಕುದುರೆಯನ್ನು ಮಾತ್ರ ಅಲ್ಲಿ ಕೊಳ್ಳಬೇಡಿ. ಜಾತ್ರೆಯ ಕುದುರೆಯ ಬೆಲೆ ಬಣ್ಣ, ಕಿವಿ, ಎತ್ತರ ಮತ್ತು ಮದುವೆ ಮೆರವಣಿಗೆಯ ಬೇಡಿಕೆಯ ಮೇಲೆ ನಿಂತಿರುತ್ತದೆ. ಸವಾರಿಯ ಭದ್ರತೆಗೆ ಈ ನಾಲ್ಕರಲ್ಲಿ ಒಂದೂ ಸಂಬಂಧಿಸಿದ್ದಲ್ಲ. ನೂರಾರು ಕುದುರೆಗಳ ನಡುವೆ ಗಂಟೆಗಟ್ಟಲೆ ಕಟ್ಟಿಹಾಕಿದ ಪ್ರಾಣಿ ಒಂಟಿಯಾಗಿ ಹೇಗಿರುತ್ತದೆ ಎಂದು ಅಲ್ಲಿ ತಿಳಿಯುವುದೂ ಇಲ್ಲ. ಮನಸ್ಸಿಗೆ ಬಂದ ಕುದುರೆ ಇದ್ದರೆ ಊರಿನ ವಿಳಾಸ ತೆಗೆದುಕೊಂಡು ಜಾತ್ರೆ ಮುಗಿದ ಮೇಲೆ ಅದರ ಲಾಯಕ್ಕೇ ಹೋಗಿ.

ಮೂರನೆಯದು ಖಾಸಗಿ ಮಾರಾಟ: ಮಗಳು ಓದಲು ಹೊರದೇಶಕ್ಕೆ ಹೋದಳು, ತೋಟ ಮಾರಿದೆವು, ಇಂಥವು. ನನ್ನ ಮತದಲ್ಲಿ ಹೊಸಬರಿಗೆ ಇದೇ ಉತ್ತಮ ದಾರಿ, ಏಕೆಂದರೆ ಒಂದೇ ಮನೆಯಲ್ಲಿ ಹಲವು ವರ್ಷ ಇದ್ದ ಕುದುರೆಯ ಚರಿತ್ರೆ ಊರಿನವರಿಗೆಲ್ಲ ಗೊತ್ತಿರುತ್ತದೆ. ಲಾಳ ಹೊಡೆಯುವವರನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಮಾಲೀಕರಿಗೂ ಗೊತ್ತಿರುವುದಿಲ್ಲ, ಮುಚ್ಚಿಡುವ ಕಾರಣವೂ ಅವರಿಗೆ ಇರುವುದಿಲ್ಲ.

ಫೋನಿನಲ್ಲಿ ಕೇಳುವುದು

ಹೋಗುವ ಮೊದಲು ಇಷ್ಟನ್ನು ಕೇಳಿ. ಉತ್ತರಗಳನ್ನು ಸಂದೇಶದ ರೂಪದಲ್ಲೇ ತರಿಸಿಕೊಳ್ಳಿ.

– ನಿಮ್ಮ ಬಳಿ ಎಷ್ಟು ಕಾಲದಿಂದ ಇದೆ, ಅದಕ್ಕೂ ಮುಂಚೆ ಯಾರ ಬಳಿ ಇತ್ತು?
– ಕಳೆದ ತಿಂಗಳು ಯಾರು, ವಾರಕ್ಕೆ ಎಷ್ಟು ದಿನ ಸವಾರಿ ಮಾಡಿದರು?
– ಕುಂಟಿದ್ದು, ಹೊಟ್ಟೆಶೂಲೆ ಬಂದದ್ದು, ಶಸ್ತ್ರಚಿಕಿತ್ಸೆ ಆದದ್ದು ಇದೆಯೇ?
– ಕಚ್ಚುವುದು, ಒದೆಯುವುದು, ಮುಂಗಾಲೆತ್ತಿ ನಿಲ್ಲುವುದು, ಸವಾರರನ್ನು ಕೆಡವಿದ್ದು?
– ರಸ್ತೆಯಲ್ಲಿ ಒಂಟಿಯಾಗಿ ಹೋಗುತ್ತದೆಯೇ? ಲಾರಿಗೆ ಹತ್ತುತ್ತದೆಯೇ?
– ಈಗ ಯಾವುದಾದರೂ ಔಷಧ ನಡೆಯುತ್ತಿದೆಯೇ?

ಕೊನೆಗೆ ಒಂದು ಸಾಲು ಕಳುಹಿಸಿ: "ಮೇಲೆ ಹೇಳಿದ್ದನ್ನು ಬಿಟ್ಟು ಬೇರೆ ದೋಷವಿದೆ ಎಂದು ನೀವು ತಿಳಿಸದಿದ್ದರೆ, ಕುದುರೆ ಆರೋಗ್ಯವಾಗಿದೆ, ಸವಾರಿಗೆ ಸುರಕ್ಷಿತವಾಗಿದೆ ಎಂದು ತಿಳಿದೇ ಮುಂದುವರಿಯುತ್ತೇನೆ." 17ನೇ ಕಲಮಿನ ಆ ದೃಷ್ಟಾಂತವನ್ನು ಮೊಬೈಲಿನಲ್ಲಿ ಬಳಸುವ ರೀತಿ ಇದು. ಪ್ರಾಮಾಣಿಕರು ಇದಕ್ಕೆ ಬೇಸರಿಸುವುದಿಲ್ಲ. ಸಿಟ್ಟಾದವರ ಮನೆಗೆ ಹೋಗುವ ಪೆಟ್ರೋಲ್ ಉಳಿಯಿತು.

ಲಾಯದಲ್ಲಿ

ಕುದುರೆಯನ್ನು ಹೊರಗೆ ತರಬೇಡಿ, ಜೀನು ಹಾಕಬೇಡಿ ಎಂದು ಮೊದಲೇ ಹೇಳಿ, ಹೇಳಿದ ಸಮಯಕ್ಕಿಂತ ಅರ್ಧ ಗಂಟೆ ಮುಂಚೆ ತಲುಪಿ. ಹೋದ ಕೂಡಲೇ ಕಿವಿಯ ಬುಡ ಮತ್ತು ಬೆನ್ನು ಮುಟ್ಟಿ ನೋಡಿ. ಒದ್ದೆಯಾಗಿದ್ದರೆ, ಆಗತಾನೇ ತೊಳೆದಿದ್ದರೆ, ಬೆಳಗಿನಿಂದ ಓಡಿಸಿ ಸುಸ್ತು ಮಾಡಿರಬಹುದು. ದಣಿದ ಕುದುರೆ ಯಾರಿಗಾದರೂ ಸಾಧುವಾಗಿಯೇ ಕಾಣುತ್ತದೆ. ಕೆಲವು ಬಗೆಯ ಕುಂಟು ಓಡಾಡಿ ಮೈ ಬೆಚ್ಚಗಾದ ಮೇಲೆ ಮರೆಯಾಗುವುದೂ ಉಂಟು. ಒಂದು ಬಕೆಟ್ ನೀರು ಇಡಿಸಿ. ಎರಡು ಬಕೆಟ್ ಒಂದೇ ಉಸಿರಿಗೆ ಕುಡಿದರೆ ನೀರು ತಪ್ಪಿಸಿ ಮಂಕು ಮಾಡಿದ್ದಾರೆಯೇ ಎಂದು ಅನುಮಾನಿಸಬೇಕು.

ಮಂಪರು ಬರಿಸುವ ಔಷಧಕ್ಕೂ ಗುರುತುಗಳಿವೆ: ತಲೆ ಜೋತುಬಿದ್ದಿರುತ್ತದೆ, ಕೆಳತುಟಿ ಸಡಿಲವಾಗಿರುತ್ತದೆ, ಗಂಡಾದರೆ ಶಿಶ್ನ ಹೊರಗೆ ಜೋಲುತ್ತಿರುತ್ತದೆ, ಸದ್ದಿಗೆ ಕಿವಿ ತಡವಾಗಿ ತಿರುಗುತ್ತದೆ. ನೋವು ಮುಚ್ಚುವ ಫಿನೈಲ್‌ಬ್ಯೂಟಜೋನ್‌ಗೆ ಮಾತ್ರ ಹೊರಗುರುತು ಯಾವುದೂ ಇಲ್ಲ, ಅದಕ್ಕೆ ರಕ್ತಪರೀಕ್ಷೆಯೇ ಬೇಕು.

ಲಾಯವನ್ನೂ ಓದಿ. ಬಾಗಿಲಿನ ಮರದಂಚು ಕಡಿದು ಸವೆದಿದೆಯೇ? ಕುದುರೆಯ ಗಂಟಲಿಗೆ ಬಿಗಿಯಾದ ಪಟ್ಟಿ ಕಟ್ಟಿದ್ದಾರೆಯೇ? ಹಾಗಿದ್ದರೆ ಅದು ಮರ ಕಚ್ಚಿ ಗಾಳಿ ಹೀರುವ ಚಟದ ಕುದುರೆ. ನಿಂತಲ್ಲೇ ಎಡಬಲ ತೂಗುವುದು, ಒಂದೇ ದಾರಿಯಲ್ಲಿ ಸುತ್ತಿ ನೆಲ ತೋಡಿರುವುದು ಕೂಡ ಇಂಥ ಚಟಗಳೇ. ಇವು ಬಿಡಿಸಲು ಕಷ್ಟ, ಆದರೆ ಸವಾರಿಗೆ ಅಪಾಯವೇನಲ್ಲ. ಉಳಿದದ್ದೆಲ್ಲ ಸರಿಯಿದ್ದು ಬೆಲೆ ಇಳಿಸಿದರೆ ನಾನು ಇಂಥ ಕುದುರೆಯನ್ನು ತಳ್ಳಿಹಾಕುವುದಿಲ್ಲ.

ಈಗ ಕಾಲು. ಇಲ್ಲಿ ಅವಸರ ಬೇಡ. ಮುಂಗಾಲಿನ ಮಂಡಿಯಿಂದ ಕೆಳಕ್ಕೆ, ಹಿಂಬದಿಯ ಸ್ನಾಯುರಜ್ಜುವಿನ ಉದ್ದಕ್ಕೂ ಬೆರಳಾಡಿಸಿ. ಅದು ನೇರವಾಗಿ, ಗಟ್ಟಿಯಾಗಿ, ತಣ್ಣಗಿರಬೇಕು. ಬಿಲ್ಲಿನಂತೆ ಹೊರಬಾಗಿದ್ದರೆ ಅದು ರೇಸ್ ಕುದುರೆಗಳ ಹಳೆಯ ಕಾಯಿಲೆ. ವಾಸಿಯಾದರೂ ಜಿಗಿತಕ್ಕೆ, ವೇಗದ ಓಟಕ್ಕೆ ನಂಬಲಾಗದು. ಎರಡೂ ಕಾಲುಗಳನ್ನು ಹೋಲಿಸಿ. ಒಂದರಲ್ಲಿ ಮಾತ್ರ ಬಿಸಿ ಅಥವಾ ಊತವಿದ್ದರೆ ಅದೇ ಸುದ್ದಿ. ಗೊರಸಿನ ಗೋಡೆಯಲ್ಲಿ ಉಂಗುರಗಳು ಮುಂದೆ ಒತ್ತಾಗಿ, ಹಿಮ್ಮಡಿಯ ಕಡೆ ಅಗಲವಾಗಿದ್ದರೆ ಹಿಂದೆ ಗೊರಸಿನೊಳಗೆ ಉರಿಯೂತ ಬಂದು ಹೋಗಿದೆ. ನಾಲ್ಕೂ ಗೊರಸುಗಳನ್ನು ನೀವೇ ಎತ್ತಿ. ಕೊಳೆತ ವಾಸನೆ ಕುದುರೆಯ ಬಗ್ಗೆ ಹೇಳುವುದಕ್ಕಿಂತ ಲಾಯ ನೋಡಿಕೊಳ್ಳುವವರ ಬಗ್ಗೆ ಹೆಚ್ಚು ಹೇಳುತ್ತದೆ.

ಆಮೇಲೆ ಗಟ್ಟಿ ನೆಲದ ಮೇಲೆ, ಸಡಿಲ ಹಗ್ಗದಲ್ಲಿ, ನೇರವಾಗಿ ನಡೆಸಿ, ಟ್ರಾಟ್, ಅಂದರೆ ನಡಿಗೆಗೂ ಓಟಕ್ಕೂ ನಡುವಿನ ಹೆಜ್ಜೆ, ಮಾಡಿಸಿ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಏಳುತ್ತದೆ, ಒಳ್ಳೆಯ ಕಾಲು ಊರಿದಾಗ ತಗ್ಗುತ್ತದೆ. ಹಿಂಗಾಲಾದರೆ ಸೊಂಟದ ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಏರಿಳಿಯುತ್ತದೆ. ಎರಡೂ ಮುಂಗಾಲು ನೋಯುತ್ತಿದ್ದರೆ ತಲೆ ಅಲ್ಲಾಡುವುದೇ ಇಲ್ಲ, ಹೆಜ್ಜೆ ಮಾತ್ರ ಚಿಕ್ಕದಾಗುತ್ತದೆ. ಹೊಸಬರು ಮೋಸಹೋಗುವುದು ಇಲ್ಲಿಯೇ. ಸೈಸ್ ಹಗ್ಗವನ್ನು ಗಲ್ಲದ ಹತ್ತಿರ ಬಿಗಿಹಿಡಿದು ಓಡಿಸುತ್ತಿದ್ದರೆ ತಲೆ ಆಡದಂತೆ ತಡೆಯುತ್ತಿದ್ದಾನೆ ಎಂದೇ ತಿಳಿಯಿರಿ, ಸಡಿಲ ಬಿಡಿಸಿ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದುಕೊಂಡು ಮನೆಯಲ್ಲಿ ಹತ್ತು ಸಲ ನೋಡಿ.

ವಯಸ್ಸನ್ನು ಬಾಯಿಯಲ್ಲಿ ನೋಡುವುದು. ಮುಂದಿನ ಹಾಲುಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಕ್ಕೆ ಜೋಡಿಜೋಡಿಯಾಗಿ ಬಿದ್ದು, ಐದಕ್ಕೆ ಬಾಯಿ ತುಂಬುತ್ತದೆ. ಮೇಲಿನ ಮೂಲೆಹಲ್ಲಿನಲ್ಲಿ ಕಂದು ಗೆರೆಯೊಂದು ಸುಮಾರು ಹತ್ತಕ್ಕೆ ಒಸಡಿನ ಬಳಿ ಕಾಣಿಸಿಕೊಂಡು, ಹದಿನೈದಕ್ಕೆ ಅರ್ಧ, ಇಪ್ಪತ್ತಕ್ಕೆ ಪೂರ್ತಿ ಇಳಿಯುತ್ತದೆ. ಎಂಟರ ನಂತರ ಇದೆಲ್ಲ ಅಂದಾಜು. ಆದರೂ "ಏಳು ವರ್ಷ" ಎಂದ ಕುದುರೆಯ ಬಾಯಲ್ಲಿ ಆ ಗೆರೆ ಅರ್ಧ ಇಳಿದಿದ್ದರೆ ಮುಂದಿನ ಮಾತು ಬೇಕಾಗಿಲ್ಲ.

ಸುಳಿಯ ವಿಷಯ

ನಮ್ಮ ದೇಶದಲ್ಲಿ ಕುದುರೆ ಕೊಳ್ಳುವವರು ಇದನ್ನು ತಪ್ಪಿಸಿಕೊಳ್ಳಲಾರರು. ಗಂಟಲಿನ ದೇವಮಣಿ ಸುಳಿ ಶುಭ, ಕಣ್ಣಿನ ಕೆಳಗಿನದು ಕಣ್ಣೀರು ತರುತ್ತದೆ, ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದರೆ ಪಂಚಕಲ್ಯಾಣಿ. ಕೂದಲು ಯಾವ ದಿಕ್ಕಿಗೆ ಸುತ್ತಿದೆ ಎಂಬುದರಿಂದ ಮಾಲೀಕರ ಮನೆತನ ಮುಳುಗುತ್ತದೆ ಎಂದು ನಾನು ನಂಬುವುದಿಲ್ಲ. ಬೆಲೆ ಮುಳುಗುತ್ತದೆ ಎಂಬುದು ಮಾತ್ರ ನಿಜ. "ಕೆಟ್ಟ" ಸುಳಿಯ, ಒಳ್ಳೆಯ ಕಾಲಿನ, ತಣ್ಣನೆಯ ಸ್ವಭಾವದ ಕುದುರೆ ಸಿಕ್ಕರೆ ಅದು ನಿಮ್ಮ ಅದೃಷ್ಟ. ನಾಳೆ ನೀವು ಮಾರುವಾಗಲೂ ಅಷ್ಟೇ ಕಡಿಮೆ ಬರುತ್ತದೆ, ಅದನ್ನು ಲೆಕ್ಕದಲ್ಲಿಡಿ. ಮನೆಯ ಹಿರಿಯರು ಇದನ್ನು ನಂಬುವವರಾದರೆ ಕೊಳ್ಳುವ ಮುನ್ನವೇ ಕರೆದುಕೊಂಡು ಹೋಗಿ ತೋರಿಸಿ. ಅಂಗಳಕ್ಕೆ ಬಂದಿಳಿದ ಮೇಲೆ ಜಗಳವಾಗುವುದು ಬೇಡ.

ಸುಳಿಗೆ ಇನ್ನೊಂದು ಉಪಯೋಗವಿದೆ. ಪಾಸ್‌ಪೋರ್ಟಿನ ಚಿತ್ರದಲ್ಲಿ ಗುರುತಿಗಾಗಿ ಅದನ್ನು ದಾಖಲಿಸುತ್ತಾರೆ. ಕಾಗದದ ಕುದುರೆಯೂ ಎದುರಿಗಿರುವ ಕುದುರೆಯೂ ಒಂದೇ ಎಂದು ಖಚಿತಪಡಿಸಿಕೊಳ್ಳಲು ಹಣೆಯ ಸುಳಿಗಳನ್ನು ಹೋಲಿಸಿ ನೋಡಿ.

ಹತ್ತುವ ಸರದಿ

ಮೊದಲು ಮಾರುವವರ ಕಡೆಯವರು ಹತ್ತಲಿ. ಅವರು ಹತ್ತಲು ಹಿಂಜರಿದರೆ ಅಲ್ಲಿಂದ ಹೊರಡಿ, ಇದಕ್ಕೆ ವಿನಾಯಿತಿ ಇಲ್ಲ. ಹಿಡಿದು ತರುವುದು, ಕಟ್ಟುವುದು, ಉಜ್ಜುವುದು, ಹೊಟ್ಟೆಪಟ್ಟಿ ಬಿಗಿಯುವುದು, ಎಲ್ಲವೂ ನಿಮ್ಮ ಕಣ್ಣೆದುರಿಗೇ ಆಗಬೇಕು. ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಿ ಕಚ್ಚಲು ಬಂದರೆ ಬೆನ್ನಿನಲ್ಲಿ ನೋವಿರಬಹುದು. ಬೆನ್ನಿನ ಮೇಲೆ ಬಿಳಿ ಕೂದಲ ಮಚ್ಚೆಗಳಿದ್ದರೆ ಹಿಂದೆ ಜೀನು ಕಚ್ಚಿ ಗಾಯವಾಗಿತ್ತು ಎಂದರ್ಥ.

ನಂತರ ನಿಮ್ಮ ತರಬೇತುದಾರರು, ಕೊನೆಗೆ ನೀವು. ಮಕ್ಕಳಿಗಾಗಿ ಕೊಳ್ಳುವುದಾದರೆ ಆ ಮಗುವೇ ಹತ್ತಬೇಕು, ಹೆಲ್ಮೆಟ್ ತಪ್ಪದೆ. ಕಣದೊಳಗೆ ಎಲ್ಲ ನಡಿಗೆಗಳೂ ಎರಡೂ ದಿಕ್ಕಿನಲ್ಲಿ ಆದ ಮೇಲೆ ಗೇಟಿನಾಚೆ ಕರೆದೊಯ್ಯಿರಿ. ಗುಂಪು ಬಿಟ್ಟು ಹೊರಡಲು ನಿರಾಕರಿಸಿ ಲಾಯದ ಕಡೆಗೇ ತಿರುಗುವ ಕುದುರೆ ಹೊಸಬರನ್ನು ಬೇಗ ಹೆದರಿಸಿಬಿಡುತ್ತದೆ. ಹಾರ್ನ್, ಬೀದಿನಾಯಿ, ಹಾರುವ ಪ್ಲಾಸ್ಟಿಕ್, ಹಿಂದಿನಿಂದ ಬರುವ ಬೈಕು: ನಮ್ಮ ರಸ್ತೆಯಲ್ಲಿ ಇವು ಇದ್ದೇ ಇರುತ್ತವೆ. ದಸರಾಕ್ಕೆ ಮುನ್ನ ಮೈಸೂರಿನಲ್ಲಿ ಆನೆಗಳ ಜೊತೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳಿಗೂ ಫಿರಂಗಿಯ ಸದ್ದನ್ನು ಅಭ್ಯಾಸ ಮಾಡಿಸುತ್ತಾರೆ. ಪಳಗಿದ ಕುದುರೆಗಳಿಗೂ ಅಷ್ಟು ತಯಾರಿ ಬೇಕು. ಬೆಚ್ಚುವುದು ತಪ್ಪಲ್ಲ. ಬೆಚ್ಚಿದ ಮೇಲೆ ಎರಡು ಹೆಜ್ಜೆಯಲ್ಲಿ ನಿಲ್ಲುತ್ತದೆಯೋ ಲಗಾಮಿಗೆ ಸಿಗದೆ ಓಡುತ್ತದೆಯೋ ಎಂಬುದನ್ನು ನೋಡಬೇಕು.

ಎಲ್ಲವೂ ಚೆನ್ನಾಗಿ ಕಂಡರೂ ಅಂದೇ ಮುಂಗಡ ಕೊಡದೆ, ಇನ್ನೊಂದು ದಿನ ಬೇರೆ ಹೊತ್ತಿನಲ್ಲಿ, ಸಾಧ್ಯವಾದರೆ ಹೇಳದೆ, ಮತ್ತೊಮ್ಮೆ ಹೋಗಿ.

ಪಶುವೈದ್ಯರು

ಮಾರುವವರ ಲಾಯಕ್ಕೆ ಬರುವ ವೈದ್ಯರು ಎಷ್ಟೇ ಒಳ್ಳೆಯವರಾದರೂ ಈ ಕೆಲಸಕ್ಕೆ ಬೇಡ. ಕುದುರೆಗಳನ್ನೇ ನೋಡಿ ಪಳಗಿದ ಬೇರೊಬ್ಬರನ್ನು ನಿಮ್ಮ ಖರ್ಚಿನಲ್ಲಿ ಕರೆಯಿರಿ. ಕುದುರೆಯಿಂದ ಏನು ಮಾಡಿಸುತ್ತೀರಿ ಎಂದು ಅವರಿಗೆ ತಿಳಿಸಿ, ಏಕೆಂದರೆ ತೋಟದ ಸುತ್ತಿನ ನಡಿಗೆಗೆ ಸಾಕಾಗುವ ಕಾಲು ಜಿಗಿತಕ್ಕೆ ಸಾಲದು. ವಿಶ್ರಾಂತಿಯಲ್ಲಿ ದೇಹದ ಉಷ್ಣತೆ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16 ಇರುವುದು ಸಹಜ. ಕಣ್ಣು, ಹೃದಯ, ಶ್ವಾಸ, ಕಾಲುಗಳನ್ನು ಮಡಚಿ ಹಿಡಿದು ತಕ್ಷಣ ಟ್ರಾಟ್ ಮಾಡಿಸುವ ಪರೀಕ್ಷೆ, ಹೊಟ್ಟೆಯ ನಡುಗೆರೆಯಲ್ಲಿ ಹಳೆಯ ಶಸ್ತ್ರಚಿಕಿತ್ಸೆಯ ಗುರುತು, ಇವೆಲ್ಲ ಅವರ ಪಟ್ಟಿಯಲ್ಲಿರುತ್ತವೆ. ರೇಸಿನ ಕುದುರೆಯಾದರೆ ಮುಂಗಾಲುಗಳ ಎಕ್ಸ್‌ರೇಗೆ ಹಣ ಉಳಿಸಬೇಡಿ.

ರಕ್ತದ ವಿಷಯದಲ್ಲಿ ಎರಡು ಮಾತು. ಮೊದಲನೆಯದು ಗ್ಲ್ಯಾಂಡರ್ಸ್. ಇದು ಮನುಷ್ಯರಿಗೂ ಅಂಟುವ ಮಾರಕ ರೋಗ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ವರದಿ ಬರುವ ಮುನ್ನ ಕುದುರೆಯನ್ನು ನಿಮ್ಮ ಲಾಯಕ್ಕೆ ತರಬೇಡಿ. ಜಾತ್ರೆ ಸುತ್ತಿ ಬಂದ ಕುದುರೆಯಾದರೆ, ನೊಣಗಳಿಂದ ಹರಡಿ ರಕ್ತಹೀನತೆ ತರುವ ಸರ್ರಾ ರೋಗಕ್ಕೂ ನೋಡಿಸಿ. ಎರಡನೆಯದು, ಪರೀಕ್ಷೆಯ ದಿನವೇ ಇನ್ನೊಂದು ಸೀಸೆ ರಕ್ತ ತೆಗೆದಿಡಲು ವೈದ್ಯರಿಗೆ ಹೇಳಿ. ಮನೆಗೆ ಬಂದ ವಾರದಲ್ಲಿ ಸಾಧು ಕುದುರೆ ಬದಲಾದರೆ, ಕುಂಟತೊಡಗಿದರೆ, ಅಂದು ಔಷಧ ಕೊಟ್ಟಿದ್ದರೇ ಎಂದು ಆ ಸೀಸೆ ಹೇಳುತ್ತದೆ.

ಹಣ ಮತ್ತು ಕಾಗದ

ದಲ್ಲಾಳಿ ಇದ್ದರೆ ಅವರ ಪಾಲು ಎಷ್ಟು, ಕೊಡುವವರು ಯಾರು ಎಂಬುದನ್ನು ಮೊದಲೇ ಬಾಯಿಬಿಡಿಸಿ. ಒಂದೆರಡು ವಾರದ ಪ್ರಯೋಗಕ್ಕೆ ಕೇಳಿ. ಖಾಸಗಿಯವರು ಒಪ್ಪುವುದುಂಟು, ವ್ಯಾಪಾರಿಗಳು ಬದಲಿ ಕುದುರೆ ಕೊಡುತ್ತೇನೆ ಎನ್ನುವುದೇ ಹೆಚ್ಚು. ಆ ಮಾತನ್ನೂ ಕಾಗದದ ಮೇಲೆ ತನ್ನಿ.

ಕರಾರಿನಲ್ಲಿ ಇಬ್ಬರ ಹೆಸರು ವಿಳಾಸ, ಕುದುರೆಯ ಬಣ್ಣ, ಗುರುತು, ಸುಳಿ, ಚಿಪ್ ಸಂಖ್ಯೆ, ವಯಸ್ಸು, ಬೆಲೆ ಇರಲಿ. ಮಾರುವವರು ಕೊಟ್ಟ ಭರವಸೆಗಳು ಅವರದೇ ಮಾತಿನಲ್ಲಿರಲಿ: "ಕುಂಟಿಲ್ಲ, ರಸ್ತೆಗೆ ಹೆದರುವುದಿಲ್ಲ, ಹದಿಮೂರು ವರ್ಷದ ಹುಡುಗಿ ಸವಾರಿ ಮಾಡುತ್ತಿದ್ದಳು." ಫೋನಿನ ಸಂದೇಶಗಳನ್ನು ಮುದ್ರಿಸಿ ಜೊತೆಗೆ ಲಗತ್ತಿಸಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಮೂಲ ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಪೂರ್ತಿ ಕೊಡಬೇಡಿ, ವಾರದಲ್ಲಿ ಕಳುಹಿಸುತ್ತೇನೆ ಎಂದ ಕಾಗದ ಬರುವುದೇ ಇಲ್ಲದಿರಬಹುದು.

ಸಾಗಣೆಗೆ, 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ, ಕುದುರೆ ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ಲಾರಿಗೆ ಹತ್ತಿಸುವಾಗ ನೀವು ಅಲ್ಲಿರಿ, ಪರೀಕ್ಷೆ ಮಾಡಿಸಿದ ಕುದುರೆಯೇ ಹತ್ತಿತು ಎಂದು ನೋಡಲಿಕ್ಕಾದರೂ.

ಮೊದಲ ವಾರಗಳು

ಮಾರುವವರ ಬಳಿಯಿಂದಲೇ ಒಂದು ವಾರದ ಮೇವು, ಹುರುಳಿ, ಬೂಸಾ ಕೊಂಡು ತನ್ನಿ. ಹಳೆಯದರಲ್ಲಿ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಏಳೆಂಟು ದಿನದಲ್ಲಿ ಬದಲಿಸಿ. ಕುದುರೆ ವಾಂತಿ ಮಾಡಲಾರದು, ಮೇವಿನ ದಿಢೀರ್ ಬದಲಾವಣೆ ಹೊಟ್ಟೆಶೂಲೆಗೆ ನೇರ ದಾರಿ. ಎರಡು ಮೂರು ವಾರ ಬೇರೆ ಕುದುರೆಗಳಿಂದ ದೂರ ಕಟ್ಟಿ, ಬಕೆಟ್ಟು ಬ್ರಷ್ಷು ಬೇರೆಯೇ ಇಡಿ, ದಿನಕ್ಕೆರಡು ಸಲ ಜ್ವರ ನೋಡಿ ಗೋಡೆಯ ಮೇಲಿನ ಹಾಳೆಯಲ್ಲಿ ಬರೆಯಿರಿ. ಮೊದಲೆರಡು ದಿನ ಸವಾರಿ ಬೇಡ, ಹಗ್ಗ ಹಿಡಿದು ಅಡ್ಡಾಡಿಸಿ. ಮೂರನೆಯ ದಿನ ತರಬೇತುದಾರರ ಎದುರಿಗೆ, ಮಾರಿದವರ ಲಾಯದಲ್ಲಿ ಬಳಸುತ್ತಿದ್ದ ಕಡಿವಾಣದಲ್ಲೇ ಹತ್ತಿ. ಕರಾರಿನಲ್ಲಿ ಬರೆದದ್ದಕ್ಕೆ ಹೊಂದದ ನಡವಳಿಕೆ ಕಂಡರೆ ಅಂದೇ ವಿಡಿಯೊ ತೆಗೆದು ಮಾರಿದವರಿಗೆ ಕಳುಹಿಸಿ, ಜೊತೆಗೆ ದಿನಾಂಕ ಹಾಕಿದ ಒಂದು ಪತ್ರ. ವೈದ್ಯರಿಗೂ ಆಗಲೇ ಫೋನ್ ಮಾಡಿ, ಎತ್ತಿಟ್ಟ ಸೀಸೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಲು ಹೇಳಿ.